ವಿಕಿಗೂ ಬೀಗ

ಕಂಪ್ಯೂಟರಿಗೆ ರಿಬ್ಬನ್ ಕಟ್ಟಿ ಕತ್ತರಿಸಿದ ಫೋಟೋ ನೀವೂ ನೋಡಿರ್ತೀರಿ. ನಮ್ಮ ಕೊಪ್ಪಳದ ಕಡೆಯ ಒಂದು ಗ್ರಂಥಾಲಯಕ್ಕೆ ವಿಕಿ, ಅಂದರೆ ಎಲ್ಲರೂ ಸೇರಿ ಬರೆಯುವ ವೆಬ್ ಪುಟಗಳು, ಬಂದ ಶುಭ ಗಳಿಗೆ ಅದು. ಕಾರ್ಡ್ ಮಾಡಿಕೊಡುವುದರಿಂದ ಹಿಡಿದು ಹರಿದ ಪುಸ್ತಕ ಬೈಂಡಿಂಗಿಗೆ ಕಳಿಸುವ ತನಕ, ಸಿಬ್ಬಂದಿಗೆ ಗೊತ್ತಿರುವುದೆಲ್ಲ ಒಂದೇ ಕಡೆ ಬರೆದಿಡುವುದು, ತಪ್ಪಿದ್ದರೆ ಯಾರು ಬೇಕಾದರೂ ತಿದ್ದುವುದು. ಒಳ್ಳೇದೇ ಅಲ್ವಾ? ನಾನೂ ಮೆಚ್ಚಿಕೊಂಡೆ. ಆಮೇಲೊಂದು ದಿನ ನನ್ನ ಸದಸ್ಯತ್ವದ ಠೇವಣಿ ವಾಪಸ್ ಕೇಳಲು ಹೋದೆ.

'ಅದೆಲ್ಲಾ ವಿಕಿಯಾಗ ಐತ್ರಿ' ಅಂದರು ಕೌಂಟರಿನ ಮೇಡಂ.

'ತೆಗೀರಿ ಮತ್ತ.'

'ಪಾಸ್‌ವರ್ಡ್ ಸಾಹೇಬ್ರ ಹತ್ರ ಐತ್ರಿ.'

'ಸಾಹೇಬ್ರು ಎಲ್ಲದಾರ?'

'ಅವರಿಗೆ ಟ್ರಾನ್ಸ್‌ಫರ್ ಆತ್ರಿ.'

ವಿಕಿ ಅಂದರೆ ಹವಾಯಿ ಭಾಷೆಯಲ್ಲಿ ಬೇಗ ಅಂತ ಅರ್ಥ. ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬಾತ 1995ರಲ್ಲಿ ಮೊದಲ ವಿಕಿ ಮಾಡಿದಾಗ ಹೊನೊಲುಲು ವಿಮಾನ ನಿಲ್ದಾಣದ 'ವಿಕಿ ವಿಕಿ' ಬಸ್ಸಿನ ಹೆಸರನ್ನೇ ಇಟ್ಟ. ಆ ಬಸ್ಸು ನಮ್ಮಲ್ಲಿಗೆ ಬಂದು ಡಿಪೋದಲ್ಲೇ ನಿಂತಿದೆ. ಒಂದು ಸಾಲು ತಿದ್ದಬೇಕಾದರೆ ಟಿಪ್ಪಣಿ ಬರೆಯಬೇಕು, ಅದು ಮೇಲೆ ಹೋಗಬೇಕು, ಸಹಿ ಬೀಳಬೇಕು, ಸೀಲ್ ಬೀಳಬೇಕು. ಆಮೇಲೆ ಆ ಪುಟದ ಪ್ರಿಂಟ್ ತೆಗೆದು ಫೈಲಿಗೆ ಹಾಕಬೇಕು, ಕರೆಂಟ್ ಹೋದರೆ ಇರಲಿ ಅಂತ. ಫೈಲು ಅಲ್ಮಾರಿಯಲ್ಲಿದೆ. ಅಲ್ಮಾರಿಯ ಕೀ ಎಲ್ಲಿದೆ ಅಂತ ನಾನು ಕೇಳಲಿಲ್ಲ.

ಹೋಂ ಪೇಜ್ ಮಾತ್ರ ಭರ್ಜರಿಯಾಗಿದೆಯಂತೆ. ಉದ್ಘಾಟಿಸಿದವರು, ದೀಪ ಹಚ್ಚಿದವರು, ಸ್ವಾಗತಿಸಿದವರು, ವಂದಿಸಿದವರು, ಎಲ್ಲರ ಹೆಸರೂ ಹುದ್ದೆ ಸಮೇತ ಇವೆ. ಇಲ್ಲಿ ನನಗೆ ಅಶೋಕ ನೆನಪಾಗ್ತಾನೆ. ಇದೇ ಕೊಪ್ಪಳದಲ್ಲಿ, ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಆ ಮನುಷ್ಯ 2,200 ವರ್ಷಕ್ಕೂ ಹಿಂದೆ ತನ್ನ ಮಾತು ಕೆತ್ತಿಸಿದ. ಸಣ್ಣವರು, ದೊಡ್ಡವರು ಎಲ್ಲರೂ ಪ್ರಯತ್ನ ಮಾಡಲಿ ಅಂತ. ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ. ಹೆಚ್ಚಿನ ಶಾಸನಗಳಲ್ಲಿ ಹೆಸರೂ ಇಲ್ಲ, ಬರೀ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅನ್ನುವ ಬಿರುದು. ಆ ದೇವಾನಾಂಪ್ರಿಯ ಅಶೋಕನೇ ಇರಬೇಕು ಅಂತ ವಿದ್ವಾಂಸರು ಮೊದಲೇ ಲೆಕ್ಕ ಹಾಕಿದ್ದರು, 1915ರಲ್ಲಿ ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿ ಬಂಡೆಯಲ್ಲಿ ಅಶೋಕ ಅನ್ನುವ ಹೆಸರೇ ಸಿಕ್ಕಿ ಖಾತ್ರಿಯಾಯ್ತು. ಚಕ್ರವರ್ತಿಯ ಹೆಸರನ್ನೇ ಹುಡುಕಬೇಕಾಯ್ತು. ಇಲ್ಲಿ ವಂದನಾರ್ಪಣೆ ಮಾಡಿದವರ ಹೆಸರು ಮೂರು ಕಡೆ ಇದೆ, ಠೇವಣಿ ವಾಪಸ್ ಪಡೆಯುವ ಪುಟ ಖಾಲಿ.

ಕಲ್ಲನ್ನು ತಿದ್ದಲು ಬರಲ್ಲ, ಒಪ್ಪಿದೆ. ವಿಕಿಯಲ್ಲಿ ಯಾರು ಯಾವಾಗ ಏನು ತಿದ್ದಿದರು ಅನ್ನುವುದು ಉಳಿದಿರುತ್ತದೆ, ಯಾರಾದರೂ ಕೆಡಿಸಿದರೆ ಹಳೆಯದನ್ನು ಒಂದೇ ಕ್ಲಿಕ್ಕಿಗೆ ವಾಪಸ್ ತರಬಹುದು. ಮತ್ತೆ ಭಯ ಯಾಕೆ?

ಕೊನೆಗೆ ಮೇಡಂ ಫೋನ್ ಹಚ್ಚಿದರು. ಆ ಕಡೆ ಇದ್ದದ್ದು ನಿವೃತ್ತ ಅಟೆಂಡರ್. ಎಲ್ಲರೂ ಅವರಿಗೆ ಕಾಕಾ ಅಂತಾರೆ. 'ಹಳೇ ರಸೀದಿ ಐತೇನು ಕೇಳವ್ವಾ. ಬುಕ್ ಬಾಕಿ ಇಲ್ಲಂತ ರಿಜಿಸ್ಟರ್ ನೋಡಿ ಸಹಿ ಹಾಕಿಸು. ಕಾರ್ಡ್ ವಾಪಸ್ ಇಸ್ಕೋ, ಮರೀಬ್ಯಾಡ.' ಎರಡೇ ನಿಮಿಷ. ಓದುಗರ ಸಮಯ ಉಳಿಸಿ ಅಂತ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಬರೆದರು, ಅದನ್ನು ಪಾಲಿಸ್ತಿರೋದು ಪಿಂಚಣಿ ತಗೋತಿರೋ ಈ ಕಾಕಾ.

ಕಾಕಾಗೆ ಸೇವೆಯಲ್ಲಿದ್ದಾಗ ಲಾಗಿನ್ ಕೊಟ್ಟಿದ್ದರಾ? ಕೇಳಿದೆ. ಇಲ್ಲವಂತೆ. ಡಿ ಗ್ರೂಪಿಗೆ ಲಾಗಿನ್ ಇಲ್ಲ. ಯಾವ ಪುಸ್ತಕ ಯಾವ ಕಪಾಟಿನ ಹಿಂದೆ ಬಿದ್ದಿದೆ ಅಂತ ಗೊತ್ತಿದ್ದ ಒಬ್ಬನೇ ಮನುಷ್ಯನಿಗೆ ಬರೆಯಲು ಅವಕಾಶ ಇಲ್ಲ. ಇಲ್ಲಿ ನನಗೆ ತಮಾಷೆ ಮಾಡಲು ಆಗ್ತಿಲ್ಲ. ನಾವು ಆಸ್ತಿ ತೆರಿಗೆಯ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರ ಕಟ್ಟುತ್ತೇವೆ. ಕೌಂಟರಿನ ಮೇಡಂ ಹೊರಗುತ್ತಿಗೆಯವರು, ಯಾರೂ ಏನೂ ಹೇಳಿಕೊಟ್ಟಿಲ್ಲ, ದಿನಾ ನಮ್ಮಂಥವರ ಬೈಗುಳ ತಿನ್ನಬೇಕು. ಸಾಕಪ್ಪ.

ಕಾಕಾ ಹೇಳಿದ್ದನ್ನು ಆಕೆ ಹಳೇ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಅದು ಮಾನಿಟರ್ ಪಕ್ಕದ ಗೋಡೆಗೆ ಅಂಟಿಸಿದ ಹಾಳೆ. ಮೇಲಿನ ಅರ್ಧ ಯಾರದೋ ಹಳೇ ಅಕ್ಷರ, ನಡುವೆ ಕೆಂಪು ಇಂಕಿನಲ್ಲಿ ಒಂದು ಸಾಲು ಹೊಡೆದುಹಾಕಿ ಪಕ್ಕದಲ್ಲಿ 'ಈಗ ಹಿಂಗಲ್ಲ' ಅಂತ ಬರೆದಿತ್ತು.