ಮೂರಡಿ ದೂರಕ್ಕೆ ಮುನ್ನೂರು ಮೀಟರ್ ರೇಂಜು

ಕೂಸು ಹುಟ್ಟಿ ಹನ್ನೊಂದು ದಿನ. ನಾಮಕರಣಕ್ಕೆ ಮುಹೂರ್ತ ಇನ್ನೂ ಕೂಡಿಬಂದಿಲ್ಲ. ಆದರೆ ಬೇಬಿ ಮಾನಿಟರಿನ, ಅಂದರೆ ತೊಟ್ಟಿಲ ಕೂಸನ್ನು ನೋಡಿ, ಕೇಳಿ ದೊಡ್ಡವರಿಗೆ ಮುಟ್ಟಿಸುವ ಕ್ಯಾಮೆರಾದ ಆ್ಯಪು ಹೆಸರಿಲ್ಲದ ಮಗುವನ್ನು ಕಾಯಲು ಒಪ್ಪುವುದಿಲ್ಲ. ಹೆಸರಿನ ಖಾನೆ ತುಂಬುವವರೆಗೆ ‘ಮುಂದೆ’ ಎನ್ನುವ ಗುಂಡಿ ಬೆಳಗುವುದೇ ಇಲ್ಲ. ಹಾಗಾಗಿ ಸೋದರತ್ತೆ ಬಂದು ಕಿವಿಯಲ್ಲಿ ಹೆಸರು ಹೇಳುವ ಮುಂಚೆಯೇ ಅಪ್ಪ ‘ಪುಟ್ಟ 1’ ಎಂದು ಟೈಪಿಸಿ, ಹುಟ್ಟಿದ ದಿನಾಂಕ ಕೊಟ್ಟು, ಓದದ ಷರತ್ತುಗಳಿಗೆಲ್ಲ ಕೂಸಿನ ಪರವಾಗಿ ಒಪ್ಪಿಗೆ ಒತ್ತಿಯಾಗಿದೆ.

ಬೇಬಿ ಮಾನಿಟರ್ ಆರಿಸುವ ಈ ಹಬ್ಬ ಐದನೇ ತಿಂಗಳ ಸ್ಕ್ಯಾನಿಂಗಿನ ವಾರವೇ ಶುರುವಾಗಿತ್ತು. ಒಂದು ಎಕ್ಸೆಲ್ ಶೀಟು ತಯಾರಾಯಿತು. ರೆಸಲ್ಯೂಶನ್‌ಗೆ ಒಂದು ಕಾಲಂ, ರೇಂಜಿಗೆ ಒಂದು, ಬ್ಯಾಟರಿಗೆ ಒಂದು, ಒಳಗೆ ತುಂಬಿಸಿಟ್ಟ ಜೋಗುಳಗಳ ಸಂಖ್ಯೆಗೂ ಒಂದು. ‘ಮನೆ ಎಷ್ಟು ಉದ್ದ’ ಎನ್ನುವ ಕಾಲಂ ಮಾತ್ರ ಯಾರಿಗೂ ಹೊಳೆಯಲಿಲ್ಲ. ಮನೆ 950 ಚದರಡಿಯ ಎರಡು ಬೆಡ್‌ರೂಮಿನ ಫ್ಲ್ಯಾಟು. ಮಂಚದ ಅಂಚಿನಿಂದ ತೊಟ್ಟಿಲಿಗೆ ಮೂರಡಿ. ಡಬ್ಬದ ಮೇಲೆ ಬರೆದಿರುವ ರೇಂಜು 300 ಮೀಟರ್. ಅಂದರೆ ಕೂಸನ್ನು ಮಲಗಿಸಿ ಬಾಣಂತಿ ಲಿಫ್ಟಿಳಿದು, ಸೆಕ್ಯೂರಿಟಿಯವನನ್ನು ದಾಟಿ, ನಂದಿನಿ ಬೂತಿನ ಮುಂದೆ ಸಾಗಿ ಆಟೊ ಸ್ಟ್ಯಾಂಡಿನಲ್ಲಿ ನಿಂತರೂ ಅಳು ಕೇಳಬೇಕು. ಆ ಮುನ್ನೂರು ಮೀಟರನ್ನು ಅಳೆದದ್ದು ಗೋಡೆಯೇ ಇಲ್ಲದ ಬಯಲಿನಲ್ಲಿ ಎನ್ನುವುದು ಅದೇ ಡಬ್ಬದ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿರುತ್ತದೆ. ನಡುವೆ ಎರಡು ಕಾಂಕ್ರೀಟ್ ಗೋಡೆ, ಒಂದು ಕಬ್ಬಿಣದ ಬೀರು ಬಂದರೆ ರೇಂಜು ಅಡುಗೆಮನೆಯ ಬಾಗಿಲಿಗೇ ಏದುಸಿರು ಬಿಡುತ್ತದೆ.

ಈ ಯಂತ್ರ ಹುಟ್ಟಿದ್ದು ಯಾರ ಮನೆಗೆ ಎಂದು ನೋಡಿದರೆ ಗೊಂದಲ ಅರ್ಧ ಬಗೆಹರಿಯುತ್ತದೆ. ಅಮೆರಿಕದಲ್ಲಿ 1932ರಲ್ಲಿ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಮಗುವನ್ನು ಮಹಡಿಯ ಕೋಣೆಗೆ ಏಣಿ ಹಾಕಿ ಕದ್ದೊಯ್ದರು. ಇಡೀ ದೇಶದ ಶ್ರೀಮಂತರು ಬೆಚ್ಚಿಬಿದ್ದರು. 1937ರಲ್ಲಿ ಜೆನಿತ್ ಕಂಪನಿ ‘ರೇಡಿಯೊ ನರ್ಸ್’ ಎಂಬ ಪೆಟ್ಟಿಗೆ ತಂದಿತು. ಅದರ ಬೇಕಲೈಟ್ ಪ್ಲಾಸ್ಟಿಕ್ಕಿನ ಕವಚಕ್ಕೆ ರೂಪ ಕೊಟ್ಟವನು ಶಿಲ್ಪಿ ಇಸಾಮು ನೊಗುಚಿ. ಮಗುವಿಗೆ ಮಹಡಿಯಲ್ಲಿ ಬೇರೆ ಕೋಣೆ, ಹೆತ್ತವರು ಕೆಳಗೆ. ಅಷ್ಟು ದೊಡ್ಡ ಮನೆಯ ರೋಗಕ್ಕೆ ಮಾಡಿದ ಔಷಧಿ ಅದು. ಈಗಿನ ತಮಾಷೆ ಏನೆಂದರೆ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ 2022ರ ಮಾರ್ಗಸೂಚಿಯಲ್ಲಿ ಕನಿಷ್ಠ ಆರು ತಿಂಗಳು ಕೂಸನ್ನು ಹೆತ್ತವರ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ, ಅಂಗಾತ ಮಲಗಿಸಿ ಎಂದಿದೆ. ಹೆಚ್ಚುಕಡಿಮೆ ನಮ್ಮ ಬಾಣಂತಿ ಕೋಣೆಯ ವ್ಯವಸ್ಥೆಗೆ ಅವರು ಬರುತ್ತಿದ್ದಾರೆ. ನಾವು ಅವರು ಬಿಟ್ಟ ಪೆಟ್ಟಿಗೆ ಎತ್ತಿಕೊಂಡು ಎದುರಿನಿಂದ ಹೊರಟಿದ್ದೇವೆ.

ಸರಿ, ತಂದಾಯಿತು, ಹಚ್ಚಬೇಕು. ಮೊದಲ ಎರಡು ಗಂಟೆ ವೈಫೈಗೆ ಮೀಸಲು. ಇಂಥ ಕ್ಯಾಮೆರಾಗಳಲ್ಲಿ ಬಹುಪಾಲು ವೈಫೈ ಅಲೆಗಳಲ್ಲಿ 2.4 ಗಿಗಾಹರ್ಟ್ಸಿನದನ್ನು ಮಾತ್ರ ಹಿಡಿಯುತ್ತವೆ. ಅಪ್ಪನ ಹೊಸ ಫೋನು 5 ಗಿಗಾಹರ್ಟ್ಸ್‌ನಲ್ಲಿ ಕೂತಿರುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟಿರುವ ರೂಟರು ಯಾರನ್ನು ಯಾವ ಕಡೆ ತಳ್ಳುತ್ತದೋ ಅದರ ಮರ್ಜಿ. ರೂಟರಿನ ಸೆಟ್ಟಿಂಗಿಗೆ ಹೋಗಿ 2.4ಕ್ಕೆ ಬೇರೆ ಹೆಸರಿಟ್ಟು, ಫೋನನ್ನೂ ಅದಕ್ಕೇ ಸೇರಿಸಿ, ಆಮೇಲೆ ಕ್ಯೂಆರ್ ಕೋಡನ್ನು ಲೆನ್ಸಿನ ಮುಂದೆ ಒಂದು ಗೇಣು ದೂರದಲ್ಲಿ ಅಲುಗದೆ ಹಿಡಿದರೆ ಐದು ನಿಮಿಷದ ಕೆಲಸ. ಇದನ್ನು ಹೇಳುವ ಬದಲು ಕ್ಯಾಮೆರಾ ಚೀನೀ ಉಚ್ಚಾರಣೆಯ ಇಂಗ್ಲಿಷಿನಲ್ಲಿ ‘ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ’ ಎಂದು ಕೂಗುತ್ತದೆ. ಕೂಸು ಎಚ್ಚರವಾಗುತ್ತದೆ. ಯಂತ್ರದ ಮೊದಲ ಸೇವೆ.

ಇನ್ನು ಮೂರಡಿ ದೂರದ ಶಬ್ದಶಾಸ್ತ್ರ. ವೈಫೈ ಕ್ಯಾಮೆರಾದ ಧ್ವನಿ ಸರ್ವರಿಗೆ ಹೋಗಿ ಬರುವ ಹೊತ್ತಿಗೆ ಎರಡು ಮೂರು ಸೆಕೆಂಡ್ ತಡ. ಕೂಸು ಅತ್ತದ್ದು ಮೊದಲು ಕಿವಿಗೆ ಬೀಳುತ್ತದೆ. ಎತ್ತಿಕೊಂಡು ಹಾಲಿಗೆ ಹಚ್ಚಿ ಸುಮ್ಮನಾಗಿಸುವಷ್ಟರಲ್ಲಿ ದಿಂಬಿನ ಪಕ್ಕದ ಫೋನು ಅದೇ ಅಳುವನ್ನು ಎರಡನೇ ಸಲ ಅಳುತ್ತದೆ. ಇಂಟರ್ನೆಟ್ಟಿಲ್ಲದ ಮಾದರಿಯಾದರೆ ಇನ್ನೊಂದು ಬಗೆ: ಕೂಸಿನ ಪಕ್ಕದ ಮೈಕೂ ತಾಯಿಯ ಪಕ್ಕದ ಸ್ಪೀಕರೂ ಒಂದೇ ಕೋಣೆಯಲ್ಲಿ ಮುಖಾಮುಖಿಯಾಗಿ, ಸ್ಪೀಕರಿನದನ್ನು ಮೈಕು ಹಿಡಿದು, ಮೈಕಿನದನ್ನು ಸ್ಪೀಕರು ಕೂಗಿ, ಗಣೇಶೋತ್ಸವದ ಪೆಂಡಾಲಿನಲ್ಲಿ ಮೈಕ್ ಟೆಸ್ಟಿಂಗ್ ಮಾಡುವಾಗಿನ ‘ಕೀಂ’ ಬಾಣಂತಿ ಕೋಣೆಯಲ್ಲಿ ಮೊಳಗುತ್ತದೆ. ಅಂದಹಾಗೆ, 1.9 ಗಿಗಾಹರ್ಟ್ಸಿನ, ಬರೀ ಧ್ವನಿಯ ಡೆಕ್ಟ್ (ಕಾರ್ಡ್‌ಲೆಸ್ ಫೋನಿನ ರೇಡಿಯೊ ತಂತ್ರ) ಮಾನಿಟರೇ ಇಡೀ ಜಾತಿಯಲ್ಲಿ ಮರ್ಯಾದಸ್ಥ ಯಂತ್ರ. ಹಿತ್ತಲ ಬಾವಿಕಟ್ಟೆಗೂ ಬಾಣಂತಿ ಕೋಣೆಗೂ ನಡುವೆ ಮೂರು ಅಂಕಣವಿರುವ ಮಲೆನಾಡಿನ ಹಳೇ ಮನೆಗೆ ಹೇಳಿ ಮಾಡಿಸಿದಂಥದ್ದು. ಆ ಮನೆಯವರು ಅದನ್ನು ಕೊಳ್ಳುವುದಿಲ್ಲ.

ಯಂತ್ರ ಕಲ್ಪಿಸಿಕೊಂಡ ಮಗು ಮರದ ಕಟಕಟೆಯ ಮಂಚದಲ್ಲಿ, ತಣ್ಣನೆಯ ಕೋಣೆಯಲ್ಲಿ, ಅಲುಗದೆ ಮಲಗಿರುತ್ತದೆ. ನಮ್ಮದು ತೂಗುವ ತೊಟ್ಟಿಲಲ್ಲೋ ಸೀರೆಯ ಜೋಲಿಯಲ್ಲೋ, ತಿರುಗುವ ಫ್ಯಾನಿನಡಿ, ಸೊಳ್ಳೆಪರದೆಯೊಳಗೆ. ‘ಚಲನೆ ಪತ್ತೆಯಾಗಿದೆ’ ಎನ್ನುವ ಎಚ್ಚರಿಕೆ ಒಂದೊಂದು ತೂಗಿಗೂ ಬರುತ್ತದೆ. ತೂಗುವುದು ನಿಂತರೆ ಗೋಡೆಯ ಮೇಲಿನ ಫ್ಯಾನಿನ ನೆರಳಿಗೆ ಬರುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ತನ್ನ ಇನ್‌ಫ್ರಾರೆಡ್ ದೀಪ ಹಚ್ಚುತ್ತದಲ್ಲ, ಆ ಬೆಳಕು ಬಿಳಿ ಪರದೆಗೆ ಬಡಿದು ಲೆನ್ಸಿಗೇ ವಾಪಸ್ ಬರುತ್ತದೆ. 2ಕೆ ರೆಸಲ್ಯೂಶನ್ನಿನಲ್ಲಿ ಕಾಣುವುದು ಬರೀ ಬಿಳಿ ಮಂಜು. ಮಂಜಿನ ಮುಂದೆ ಒಂದು ಸೊಳ್ಳೆ ಹಾದರೆ, ಲೆನ್ಸಿಗೆ ಹತ್ತಿರವಿರುವುದರಿಂದ, ಅದು ಬಾವಲಿಯಷ್ಟು ದೊಡ್ಡದಾಗಿ ಹೊಳೆಯುತ್ತದೆ. ಫೋನು ಗುಂಯ್ ಎನ್ನುತ್ತದೆ. ಪರಿಹಾರ ಇದೆ: ಇನ್‌ಫ್ರಾರೆಡ್ ಆರಿಸಿ ಮೂಲೆಯಲ್ಲಿ ಒಂದು ಜೀರೋ ಬಲ್ಬ್ ಹಾಕುವುದು, ಚಲನೆಯ ಎಚ್ಚರಿಕೆಯನ್ನು ಪೂರ್ತಿ ತೆಗೆದು ಶಬ್ದದ್ದನ್ನು ಮಾತ್ರ ಇಟ್ಟುಕೊಳ್ಳುವುದು. ಆದರೆ ಜೀರೋ ಬಲ್ಬ್ ಹಾಕಿದ ಮೇಲೆ ಮೂರಡಿಯಿಂದ ಕಣ್ಣಿಗೇ ಕೂಸು ಕಾಣುತ್ತದೆ. ಶಬ್ದ ಹೇಗೂ ಕೇಳುತ್ತದೆ.

ಹಾಸಿಗೆಯಡಿ ಇಡುವ ಸೆನ್ಸರ್ ಹಲಗೆಯ ಪಾಡು ಇನ್ನೂ ಚೆನ್ನ. 20 ಸೆಕೆಂಡ್ ಅಲುಗಾಟ ಕಾಣದಿದ್ದರೆ ಅದು ಬೊಬ್ಬೆ ಹಾಕಬೇಕು. ಗಟ್ಟಿ ತಳದ ಮೇಲೆ ಕೂಸಿನ ಉಸಿರಾಟದ ಮಿಡಿತವನ್ನು ಹಿಡಿಯಲು ಮಾಡಿದ್ದು ಅದು. ತೂಗುವ ತೊಟ್ಟಿಲಲ್ಲಿಟ್ಟರೆ ತೂಗನ್ನೇ ಉಸಿರೆಂದು ತಿಳಿದು ಎಲ್ಲ ಕ್ಷೇಮ ಎನ್ನುತ್ತದೆ. ತೂಗದ ತೊಟ್ಟಿಲಲ್ಲಿಟ್ಟರೆ? ನವಜಾತ ಶಿಶು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ. ಪ್ರತಿ ಸಲ ಎತ್ತಿಕೊಳ್ಳುವ ಮುಂಚೆ ಸ್ವಿಚ್ ಆರಿಸಲು ಮರೆತರೆ 20 ಸೆಕೆಂಡಿಗೆ ಸೈರನ್. ಮಗು ಮಡಿಲಲ್ಲಿ, ಸೈರನ್ ತೊಟ್ಟಿಲಲ್ಲಿ.

ಉಷ್ಣಾಂಶದ ಸೆನ್ಸರಿಗೆ ರಾಯಚೂರೆಂದರೆ ಪ್ರಾಣಸಂಕಟ. ಬ್ರಿಟನ್ನಿನಲ್ಲಿ ಮಗು ಮಲಗುವ ಕೋಣೆಗೆ 16ರಿಂದ 20 ಡಿಗ್ರಿ ಹೇಳುತ್ತಾರೆ. ಕಾರ್ಖಾನೆಯಲ್ಲಿ ಕೂಡಿಸಿ ಕಳಿಸುವ ಎಚ್ಚರಿಕೆಯ ಗೆರೆಯೂ ಅಂಥ ದೇಶಗಳ ಲೆಕ್ಕದ್ದೇ. ರಾಯಚೂರಿನಲ್ಲಿ ಮೇ ತಿಂಗಳು 40 ದಾಟುತ್ತದೆ. ಅದರ ಮೇಲೆ ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಕೂಸಿಗೆ ಕುಂಚಿಗೆ ಕಟ್ಟಿ, ಅಗ್ಗಿಷ್ಟಿಕೆಯಲ್ಲಿ ಲೋಬಾನ ಹಾಕಿದರೆ ಕ್ಯಾಮೆರಾದ ಪರದೆ ಕೆಂಪಾಗಿ ಮಿನುಗುತ್ತ ಯಾರನ್ನಾದರೂ ಕರೆಯಿರಿ ಎಂದು ಗೋಗರೆಯುತ್ತದೆ. (ಹೊಗೆಯ ವಿಷಯದಲ್ಲಿ ಯಂತ್ರದ ಕಡೆಗೇ ನಮ್ಮ ಮತ. ಮುಚ್ಚಿದ ಕೋಣೆಯ ಕೆಂಡದ ಹೊಗೆ ಎಳೇ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.) ಸೆನ್ಸರನ್ನು ಬಿಸಿಯಾಗುವ ಸರ್ಕ್ಯೂಟಿನ ಪಕ್ಕದಲ್ಲೇ ಕೂರಿಸಿದ್ದರೆ ಅದು ತನ್ನ ಮೈಬಿಸಿಯನ್ನೂ ಕೋಣೆಯ ಲೆಕ್ಕಕ್ಕೆ ಸೇರಿಸುತ್ತದೆ. ನೂರೈವತ್ತು ರೂಪಾಯಿಯ ಗೋಡೆ ಥರ್ಮಾಮೀಟರು ಇದಕ್ಕಿಂತ ಸತ್ಯವಂತ.

ತವರಿನಲ್ಲಿ ಇನ್ನೊಂದು ಲೆಕ್ಕವಿದೆ, ಅದನ್ನು ಅಳಿಯಂದಿರು ಮಾಡುವುದಿಲ್ಲ. ಮನೆಯಲ್ಲಿ ವೈಫೈ ಇಲ್ಲ. ಮಾವನವರ ಹಳೇ ಫೋನೇ ಹಾಟ್‌ಸ್ಪಾಟು, ದಿನಕ್ಕೆ ಒಂದೂವರೆ ಜಿಬಿ. ಕ್ಯಾಮೆರಾ ಸೆಕೆಂಡಿಗೆ ಒಂದು ಮೆಗಾಬಿಟ್ ಕಳಿಸಿದರೂ ಗಂಟೆಗೆ 450 ಎಂಬಿ. ಬೆಂಗಳೂರಿನ ಅಳಿಯ ರಾತ್ರಿಯೆಲ್ಲ ಆ್ಯಪು ತೆರೆದಿಟ್ಟು ಮಲಗುತ್ತಾನೆ. ಹನ್ನೆರಡಕ್ಕೆ ಜಮೆಯಾದ ಡೇಟಾ ಮೂರೂ ಇಪ್ಪತ್ತಕ್ಕೆ ಖಾಲಿ. ಕೂಸು ಕಣ್ಣು ಬಿಡುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಕಣ್ಣು ಮುಚ್ಚುತ್ತದೆ. ಫ್ಲ್ಯಾಟಿನವರೂ ನಗುವ ಹಾಗಿಲ್ಲ. ಕರೆಂಟು ಹೋಗಿ ಜನರೇಟರ್ ಹತ್ತಲು ಅರ್ಧ ನಿಮಿಷ, ಸತ್ತ ರೂಟರು ಮತ್ತೆ ಎದ್ದು ಕೂರಲು ಎರಡು ನಿಮಿಷ, ಕ್ಯಾಮೆರಾ ಅದನ್ನು ಹುಡುಕಿಕೊಳ್ಳಲು ಇನ್ನೊಂದು. ಸಾವಿರದೈನೂರರ ಆಸುಪಾಸಿನ 12 ವೋಲ್ಟಿನ ಪುಟ್ಟ ಯುಪಿಎಸ್ ರೂಟರಿಗೆ ಹಾಕಿದರೆ ಮುಗಿಯಿತು. ಎಕ್ಸೆಲ್ ಶೀಟಿನಲ್ಲಿ ಅದಕ್ಕೂ ಕಾಲಂ ಇರಲಿಲ್ಲ.

ಕಾಲಿಗೆ ತೊಡಿಸುವ ರಕ್ತದ ಆಮ್ಲಜನಕ ಅಳೆಯುವ ಕಾಲುಚೀಲದ ಬಗ್ಗೆ ನಗುವುದು ಕಷ್ಟ, ಏಕೆಂದರೆ ಅದನ್ನು ಮಾರುವುದು ಭಯದ ಅಂಗಡಿಯಲ್ಲಿ. ನವಜಾತ ಶಿಶುಗಳು ನಿದ್ದೆಯಲ್ಲಿ ಐದರಿಂದ ಹತ್ತು ಸೆಕೆಂಡ್ ಉಸಿರು ನಿಲ್ಲಿಸಿ ಮತ್ತೆ ಶುರುಮಾಡುವುದು ಸಹಜ. ಇದನ್ನು ಡಿಸ್ಚಾರ್ಜ್ ಮಾಡುವಾಗ ಹೇಳಿದ್ದರೆ ಅರ್ಧ ಮಾರುಕಟ್ಟೆ ಮುಚ್ಚುತ್ತಿತ್ತು. 2018ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಇಂಥ ಎರಡು ಉಪಕರಣಗಳನ್ನು ಆಸ್ಪತ್ರೆಯ ಯಂತ್ರದ ಜೊತೆ ಹೋಲಿಸಿದರು. ಒಂದು ಆಮ್ಲಜನಕ ಇಳಿದದ್ದನ್ನು ಒಮ್ಮೆಯೂ ಹಿಡಿಯಲಿಲ್ಲ. 2021ರಲ್ಲಿ ಔಲೆಟ್ ಕಂಪನಿಗೆ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಎಚ್ಚರಿಕೆ ಪತ್ರ ಬರೆದ ಮೇಲೆ ಅವರ ಕಾಲುಚೀಲ ಅಲ್ಲಿ ಮಾರಾಟದಿಂದ ಇಳಿಯಿತು. ಮತ್ತೊಂದು ರೂಪಕ್ಕೆ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ನಿದ್ದೆಯಲ್ಲಿನ ಹಠಾತ್ ಸಾವನ್ನು ತಡೆಯಲು ಇಂಥವನ್ನು ನೆಚ್ಚಬೇಡಿ ಎಂದೇ ಅಲ್ಲಿನ ಮಕ್ಕಳ ವೈದ್ಯರು ಹೇಳುತ್ತಾರೆ. ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ವೈದ್ಯರೇ ಉಪಕರಣ ಬರೆದುಕೊಟ್ಟರೆ ಅದು ಬೇರೆ ಮಾತು. ಉಳಿದವರು ತೊಟ್ಟಿಲಿನಿಂದ ದಿಂಬು, ಗೊಂಬೆ, ಮೆತ್ತನೆ ರಜಾಯಿ ತೆಗೆಯಬೇಕು. ಬಿಟ್ಟಿ ಕೆಲಸ, ಹಾಗಾಗಿ ಜಾಹೀರಾತಿಲ್ಲ.

ಇನ್ನು ವೀಕ್ಷಕ ವೃಂದ. ದೃಷ್ಟಿಯಾದೀತೆಂದು ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟು, ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಕೂಸಿನ ಮುಖಕ್ಕೆ ಹೃದಯದ ಚಿತ್ರ ಅಂಟಿಸುವ ಮನೆಯಲ್ಲೇ ಕ್ಯಾಮೆರಾದ ಪಾಸ್‌ವರ್ಡು ಅಪ್ಪನ ಮೊಬೈಲ್ ನಂಬರು. ಅದನ್ನು ಎಂಟು ಜನರಿಗೆ ಕೊಟ್ಟಿದೆ. ರಾತ್ರಿ ಎರಡೂ ನಲವತ್ತಕ್ಕೆ ಬಾಣಂತಿ ಕಣ್ಣು ಮುಚ್ಚಿಕೊಂಡೇ ಹಾಲೂಡಿಸುತ್ತಿರುವಾಗ ಗೋಡೆಯಿಂದ ಗಂಡಸಿನ ದನಿ: “ಅತ್ತಿಗೆ, ಪುಟ್ಟ ಎದ್ದಿದಾನೆ ಅನ್ಸುತ್ತೆ ನೋಡಿ.” ನ್ಯೂ ಜೆರ್ಸಿಯಲ್ಲಿ ಆಗ ಸಂಜೆ ಐದೂ ಹತ್ತು, ಮೈದುನ ಆಫೀಸಿನಿಂದ ಹೊರಟಿದ್ದಾನೆ. ಬಾಣಂತಿ ಸೆರಗೆಳೆದುಕೊಂಡು ಗೋಡೆಗೆ ಬೆನ್ನು ಮಾಡುತ್ತಾಳೆ. ದಾವಣಗೆರೆಯ ಅತ್ತೆಯವರು ಬೆಳಿಗ್ಗೆ ಫೋನ್ ಮಾಡಿ, ‘ರಾತ್ರಿ ಎರಡೇ ಸಲ ಹಾಲು ಕೊಟ್ಯಲ್ಲಮ್ಮ’ ಎನ್ನುತ್ತಾರೆ. ಇವರಾದರೂ ನೆಂಟರು. 2012ರಲ್ಲಿ ಟ್ರೆಂಡ್‌ನೆಟ್ ಎಂಬ ಕಂಪನಿಯ ಸುಮಾರು 700 ಕ್ಯಾಮೆರಾಗಳ ನೇರ ದೃಶ್ಯ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡುವಂತೆ ಬಿದ್ದಿತ್ತು, ತೊಟ್ಟಿಲಲ್ಲಿ ಮಲಗಿದ ಕೂಸುಗಳ ಸಮೇತ. ಮರುವರ್ಷ ಅಮೆರಿಕದ ವ್ಯಾಪಾರ ಆಯೋಗ ಅದರ ಮೇಲೆ ಕ್ರಮ ಕೈಗೊಂಡಿತು. ಲೆನ್ಸನ್ನು ಮಂಚ ಬಿಟ್ಟು ತೊಟ್ಟಿಲಿಗೆ ಮಾತ್ರ ತಿರುಗಿಸಿ, ಉದ್ದದ ಬೇರೆ ಪಾಸ್‌ವರ್ಡ್ ಹಾಕಿ, ಓಟಿಪಿಯ ಎರಡನೇ ಬೀಗ ಹಚ್ಚಿ, ನೆಂಟರಿಗೆ ಮಾತಾಡುವ ಹಕ್ಕಿಲ್ಲದ ‘ನೋಡಲು ಮಾತ್ರ’ ಅನುಮತಿ ಕೊಡಿ. ಮೈದುನ ಬೇಜಾರು ಮಾಡಿಕೊಳ್ಳುತ್ತಾನೆ, ಮಾಡಿಕೊಳ್ಳಲಿ.

ಮೂರಡಿ ನಿಜಕ್ಕೂ ಲೆಕ್ಕಕ್ಕೆ ಬರುವುದು ಒಂದೇ ಕಡೆ: ವೈರು. ತೊಟ್ಟಿಲಿನಿಂದ ಕನಿಷ್ಠ ಮೂರಡಿ ದೂರದಲ್ಲಿ ವೈರು ಇರಬೇಕು. 2011ರಲ್ಲಿ ಅಮೆರಿಕದಲ್ಲಿ ಸಮ್ಮರ್ ಇನ್‌ಫಂಟ್ ಕಂಪನಿಯ ಸುಮಾರು 17 ಲಕ್ಷ ವಿಡಿಯೊ ಮಾನಿಟರುಗಳನ್ನು ಹಿಂಪಡೆಯಬೇಕಾಯಿತು. ಎರಡು ಶಿಶುಗಳು ವೈರು ಕುತ್ತಿಗೆಗೆ ಸಿಕ್ಕಿ ಸತ್ತಿದ್ದವು. ನಮ್ಮಲ್ಲಿ ಮುಖ ಸರಿಯಾಗಿ ಕಾಣಲಿ ಎಂದು ತೊಟ್ಟಿಲ ಕಂಬಕ್ಕೇ ಕ್ಯಾಮೆರಾ ಕಟ್ಟುತ್ತಾರೆ, ವೈರನ್ನು ಸರಪಳಿಗೆ ಸುತ್ತುತ್ತಾರೆ. ಗೋಡೆಗೆ ಎತ್ತರದಲ್ಲಿ ಮೊಳೆ ಹೊಡೆದು, ವೈರನ್ನು ಕೇಸಿಂಗ್ ಪಟ್ಟಿಯೊಳಗೆ ಇಳಿಸಿ. ಅಡಾಪ್ಟರಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ರಾತ್ರಿಯಿಡೀ ಬಿಸಿಯಾಗಿ ಉರಿಯುವ ವಸ್ತು ಅದೇ.

ಇಷ್ಟಾದ ಮೇಲೆ ಕ್ಯಾಮೆರಾಕ್ಕೆ ನಿಜವಾದ ಉದ್ಯೋಗ ಸಿಗುವುದು 26 ವಾರ ತುಂಬಿದ ಮೇಲೆ. ಹೆರಿಗೆ ರಜೆ ಮುಗಿಯುತ್ತದೆ, ಆಯಾ ಬರುತ್ತಾಳೆ, ಲೆನ್ಸು ತೊಟ್ಟಿಲಿನಿಂದ ಮೇಲಕ್ಕೆ ತಿರುಗುತ್ತದೆ. ಬೇಬಿ ಮಾನಿಟರಿನ ಆರನೇ ತಿಂಗಳ ಹೆಸರು ಆಯಾ ಮಾನಿಟರ್. ಅವಳಿಗೆ ಹೇಳಿ ಇಡುವ ಸೌಜನ್ಯ ಎಷ್ಟು ಮನೆಗಳಿಗಿದೆಯೋ! ಕಂಪನಿಯ ಎಚ್‌ಆರ್‌ನವರು ಶುಭಾಶಯದ ಬುಟ್ಟಿಯಲ್ಲಿ ಕಳಿಸಿದ ಕ್ಯಾಮೆರಾವೂ ಇದೇ ಆಗಿರಬಹುದು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ತಂದ ನಿಯಮದಂತೆ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಿ ಬರಬಹುದು. ಕೇಂದ್ರದ ಜಾಗದಲ್ಲಿ ಟೇಬಲ್ ಟೆನಿಸ್ ಮೇಜಿದೆ. ನಾಲ್ಕು ಸಲ ನೋಡುವುದೇನು, ಆ್ಯಪಿನಲ್ಲಿ ನಲವತ್ತು ಸಲ ನೋಡಿಕೊಳ್ಳಿ ಮೇಡಂ!

ಹನ್ನೊಂದೂವರೆಯ ರಿವ್ಯೂ ಮೀಟಿಂಗಿನಲ್ಲಿ ಫೋನು ಗುಂಯ್ ಎನ್ನುತ್ತದೆ. ಮೇಜಿನಡಿ ಹಿಡಿದು ತೆರೆಯುತ್ತಾಳೆ. ಚಲನೆ ಪತ್ತೆಯಾಗಿದೆ. ಗಿರ್ರನೆ ಸುತ್ತುವ ಚಕ್ರ, ಆಮೇಲೆ ಚಿತ್ರ, ಚಿತ್ರದ ತುಂಬ ಸೊಳ್ಳೆ.