ಈಜು ಬಂದರೆ ಸಾಲದು, ದಂಡೆ ಹತ್ತೋಕೂ ಆಗಬೇಕು

ಬೇಸಿಗೆ ರಜೆ ಬಂತೆಂದರೆ ದಾವಣಗೆರೆ ಕಡೆಯ ಹುಡುಗರು ಭದ್ರಾ ನಾಲೆಗೆ ಬೀಳ್ತಾರೆ, ಚಿತ್ರದುರ್ಗ ಸೀಮೆಯವರು ಕೃಷಿ ಹೊಂಡಕ್ಕೆ. "ಈಜು ಬರುತ್ತೆ ಬಿಡಿ" ಅಂತ ಮನೆಯವರೂ ಸುಮ್ಮನಾಗ್ತಾರೆ. ದಯವಿಟ್ಟು ಸುಮ್ಮನಾಗಬೇಡಿ.

ಹೊಂಡದ ಆಳ ಸಾಮಾನ್ಯವಾಗಿ 3 ಮೀಟರ್. ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆ ಮೇಲೆ ಲೋಳೆಯಂಥ ಪಾಚಿ. ಹುಡುಗ ಅಂಚಿನವರೆಗೂ ಚೆನ್ನಾಗೇ ಈಜಿ ಬರ್ತಾನೆ. ಅಂಗೈ ಊರ್ತಾನೆ, ಮಂಡಿ ಊರ್ತಾನೆ, ಒಂದಡಿ ಮೇಲೆ ಬಂದು ಸರ್ರನೆ ವಾಪಸ್ ಜಾರ್ತಾನೆ. ಹಿಡಿಯೋಕೆ ಒಂದು ಬೇರಿಲ್ಲ, ಕಲ್ಲಿಲ್ಲ. ಹೀಗೇ ನಾಲ್ಕೈದು ಸಲ ಆದರೆ ತೋಳು ಸೋತುಹೋಗುತ್ತೆ. ಕೈ ಕೊಡೋಕೆ ಹೋದ ಗೆಳೆಯನೂ ಅದೇ ಪ್ಲಾಸ್ಟಿಕ್ ತುಳಿದು ಒಳಗೆ ಬೀಳ್ತಾನೆ. ಒಂದೇ ಹೊಂಡದಲ್ಲಿ ಇಬ್ಬರು ಮೂವರು ಮಕ್ಕಳು ಹೋಗೋದು ಹೀಗೆ. ನಾಲೆಯ ಕಾಂಕ್ರೀಟ್ ದಂಡೆಯದೂ ಇದೇ ಕಥೆ, ಜೊತೆಗೆ ನೀರಿನ ಸೆಳೆತ ಬೇರೆ.

ಹೊಂಡಕ್ಕೆ ಬೇಲಿ ಬೇಕೇ ಬೇಕು. ಅದರ ಜೊತೆಗೆ ನಾಲ್ಕೂ ಬದಿಗೆ ಗಟ್ಟಿ ಗೂಟ ಬಡಿದು, ಅಡಿಗೊಂದು ಗಂಟು ಹಾಕಿದ ದಪ್ಪ ಹಗ್ಗ ಇಳಿಬಿಡಿ. ಹಗ್ಗ ತಳ ಮುಟ್ಟಲಿ, ಬೇಸಿಗೆಯಲ್ಲಿ ನೀರು ಕೆಳಗಿಳಿದಾಗಲೂ ಕೈಗೆ ಸಿಗಬೇಕು. ನೀರಿಗೆ ಬಿದ್ದವರಿಗೆ ಎಸೆಯೋಕೆ ದಂಡೆ ಮೇಲೆ 15 ಮೀಟರ್ ಹಗ್ಗಕ್ಕೆ ಕಟ್ಟಿದ 5 ಲೀಟರ್ ಕ್ಯಾನ್ ಒಂದು ಇರಲಿ. ಅದರೊಳಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿಯಿರಿ. ಪೂರ್ತಿ ಖಾಲಿ ಕ್ಯಾನ್ ಎಸೆದರೆ ಗಾಳಿಗೆ ಅತ್ತಿತ್ತ ಹೋಗುತ್ತೆ. ಎಸೆದವರು ಹೊದಿಕೆಯಿಂದಾಚೆ, ಮಣ್ಣಿನ ಮೇಲೆ ಕೂತು ಎಳೀಬೇಕು.

ಮಕ್ಕಳ ಬೆನ್ನಿಗೆ ಕ್ಯಾನ್ ಕಟ್ಟಿ ಈಜು ಕಲಿಸುವವರೇ, ಒದ್ದೆ ಹಗ್ಗ ಸಡಿಲಾಗಿ ಕ್ಯಾನ್ ಸೊಂಟದ ಕೆಳಗೆ ಜಾರಿದರೆ ಸೊಂಟ ಮೇಲೇಳುತ್ತೆ, ತಲೆ ಮುಳುಗುತ್ತೆ. ಕೈಗೆಟುಕುವಷ್ಟು ದೂರದಲ್ಲೇ ಇರಿ. ಮುಳುಗುವ ಮಗು ಕೂಗಿಕೊಳ್ಳುತ್ತೆ ಅಂತ ಕಾಯಬೇಡಿ. ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರಿಗೇ ಜಾಗವಿಲ್ಲ, ಕೂಗು ಎಲ್ಲಿಂದ ಬರಬೇಕು?

ಮೇಲೆ ತಂದ ಮಗುವಿಗೆ ಉಸಿರಿಲ್ಲದಿದ್ದರೆ ತಲೆಕೆಳಗು ಮಾಡಿ ತಿರುಗಿಸೋದು, ಹೊಟ್ಟೆ ಒತ್ತೋದು ಬೇಡ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಮೂಗು ಹಿಡಿದು ಬಾಯಿಗೆ ಬಾಯಿಟ್ಟು 5 ಸಲ ಉಸಿರು ಕೊಡಲಿ. ಆಮೇಲೆ ಎದೆ ನಡುವೆ 30 ಒತ್ತು, 2 ಉಸಿರು, ಆಂಬುಲೆನ್ಸ್ ಬರೋವರೆಗೂ ನಿಲ್ಲಿಸದೆ. ಮಗು ಕೆಮ್ಮಿ ಎದ್ದು ಕೂತರೂ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಶ್ವಾಸಕೋಶಕ್ಕೆ ಹೋದ ನೀರು ಕೆಲವು ಗಂಟೆ ಬಿಟ್ಟು ಉಸಿರಾಟಕ್ಕೆ ತೊಂದರೆ ಕೊಡಬಹುದು.