ಒಣಗಿತಾ?

ನಮ್ಮ ಮೂಡಿಗೆರೆಯಲ್ಲಿ ಮಳೆಗಾಲದಲ್ಲಿ ಬಟ್ಟೆ ಒಗೆಯುವುದು ಅರ್ಧ ಗಂಟೆಯ ಕೆಲಸ. ಒಣಗಿಸುವುದು ಪಂಚವಾರ್ಷಿಕ ಯೋಜನೆ. ‘ಆಶ್ಲೇಷ ಮಳೆ ಈಸಲಾರದ ಹೊಳೆ’ ಅಂತ ಗಾದೆಯೇ ಇದೆ. ಅಂಥ ಆಶ್ಲೇಷ ಮಳೆಯಲ್ಲೇ ನಾನು ತಾತನ ಸ್ವೆಟರ್ ನೀರಿಗೆ ಹಾಕಿದೆ.

ತಪ್ಪು ದೊಡ್ಡಮ್ಮನದು. ಹಾಸನದಿಂದ ಫೋನ್ ಮಾಡಿ, “ಗೌರಿ ಹಬ್ಬಕ್ಕೆ ಬರ್ತೀನಿ ಕಣೇ. ಅಮ್ಮ ಹೆಣೆದ ಸ್ವೆಟರ್ ಹಾಗೇ ಇದೆ ತಾನೇ?” ಅಂದರು. ಟ್ರಂಕು ತೆಗೆದು ನೋಡಿದೆ. ಬೂದು ಬಣ್ಣದ ಉಣ್ಣೆ, ಎದೆ ಮೇಲೆ ಎರಡು ಜಡೆ ಹೆಣಿಗೆ. ಹಾಗೇ ಇತ್ತು, ನಿಜ. ತಾತನ ನಶ್ಯದ ಕಲೆಯೂ ಹಾಗೇ ಇತ್ತು.

ಉಣ್ಣೆಯ ವಿಷಯದಲ್ಲಿ ಎಲ್ಲರೂ ಹೆದರಿಸುವುದು ಒಂದೇ ಮಾತಿನಿಂದ: ಕುಗ್ಗಿ ಹೋಗುತ್ತೆ. ಉಣ್ಣೆಯ ಎಳೆಗೆ ಮೀನಿನ ಹಾಗೆ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರಿನಲ್ಲಿ ಹಾಕಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು, ತಾತನ ಸ್ವೆಟರ್ ಮೊಮ್ಮಗುವಿಗೆ ಸರಿಹೋಗುವಂತಾಗುತ್ತದೆ. ಅದಕ್ಕೇ ನಾನು ಬಹಳ ನಾಜೂಕು ಮಾಡಿದೆ. ತಣ್ಣೀರು, ಅಂಟುವಾಳಕಾಯಿಯ ನೊರೆ. ಉಜ್ಜಲಿಲ್ಲ, ಹಿಂಡಲಿಲ್ಲ, ಮಗುವಿನ ತಲೆ ಸವರಿದ ಹಾಗೆ ಒತ್ತಿದೆ. ಒಗೆಯುವ ಮೊದಲೇ ಅದನ್ನು ಪೇಪರ್ ಮೇಲೆ ಹರಡಿ, ಸುತ್ತ ಪೆನ್ಸಿಲ್ ಗೆರೆ ಎಳೆದು ಅಳತೆ ಕೂಡ ಇಟ್ಟುಕೊಂಡಿದ್ದೆ. ಆಮೇಲೆ ಟವೆಲಿನಲ್ಲಿ ಸುತ್ತಿ ನೀರು ತೆಗೆದೆ. ಅಲ್ಲಿಗೆ ನನ್ನ ಜಾಣತನ ಮುಗಿಯಿತು.

ಮುಂದಿನ ನಿಯಮ, ನೆರಳಿನಲ್ಲಿ ಮಲಗಿಸಿ ಒಣಗಿಸಬೇಕು. ನೆರಳಿಗೆ ನಮ್ಮಲ್ಲಿ ಕೊರತೆಯಿಲ್ಲ, ಆಗಸ್ಟ್‌ನಲ್ಲಿ ಊರಿಗೆ ಊರೇ ನೆರಳು. ಮಂಚದ ಮೇಲೆ ಮಲಗಿಸಿದೆ. ಅರ್ಧ ಗಂಟೆಯಲ್ಲಿ ಬೆಕ್ಕೂ ಅದರ ಮೇಲೆ ಮಲಗಿತು. ಮೂರು ದಿನ ಸ್ವೆಟರ್ ಒಣಗಲಿಲ್ಲ, ಬೆಕ್ಕು ಏಳಲಿಲ್ಲ.

ಇನ್ನೊಂದು ಪೇಚು ಅಂದರೆ ಉಣ್ಣೆ ನಿಜ ಹೇಳುವುದಿಲ್ಲ. ತನ್ನ ತೂಕದ ಸುಮಾರು ಮೂರರಲ್ಲೊಂದು ಭಾಗ ತೇವ ಹೀರಿಕೊಂಡೂ ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ನಾಲ್ಕನೇ ದಿನ ಒಣಗಿತು ಅಂದುಕೊಂಡು ಮಡಿಸಿ ಬೀರುವಿನಲ್ಲಿಟ್ಟೆ. ಆರನೇ ದಿನ ಬೀರು ತೆಗೆದರೆ ನೆಂದ ಕುರಿಯೊಂದು ಒಳಗೆ ನಿಂತ ಹಾಗೆ ವಾಸನೆ.

ಹಿಂದಿನವರೇ ವಾಸಿ. ಕುರುಬರು ನೇಯ್ದ ಕರಿ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ಬಿಗಿ ಮಾಡುತ್ತಿದ್ದರು. ಅದನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡರೆ ಮಳೆ ಹೊರಗೇ ಜಾರುತ್ತಿತ್ತು. ಕಂಬಳಿಯನ್ನು ಸೋಪು ಹಾಕಿ ಒಗೆದವರನ್ನು ನಾನಂತೂ ಕಂಡಿಲ್ಲ.

ವಾಸನೆ ಹೋಗಲಿ ಅಂತ ಮತ್ತೆ ನೀರಿಗೆ ಹಾಕಿದೆ. ಈ ಸಲ ಇವರು ನಡುವೆ ಬಂದರು. “ಬಚ್ಚಲ ಒಲೆ ಮೇಲೆ ಗಳಕ್ಕೆ ಹಾಕು, ಬೆಳಿಗ್ಗೆಗೆ ಗರಿಗರಿ ಆಗುತ್ತೆ.” ಹಾಕಿದೆ. ರಾತ್ರಿ ಕೂದಲು ಸುಟ್ಟ ವಾಸನೆ. ಇವರು ಎದ್ದು ಮೊದಲು ಬೆಕ್ಕಿನ ಬಾಲ ನೋಡಿದರು. ಬಾಲ ನೆಟ್ಟಗಿತ್ತು. ಉಣ್ಣೆಯೂ ಕೂದಲೇ ಅಲ್ವಾ, ಸುಟ್ಟರೆ ವಾಸನೆಯೂ ಅದೇ. ಕೆಳಗಿನ ಅಂಚು ಕಡಲೆಕಾಳಿನಷ್ಟು ಸೀದಿತ್ತು, ಅಷ್ಟೇ. ಆದರೆ ಬೆಳಿಗ್ಗೆ ಇಳಿಸಿ ನೋಡಿದರೆ ನೀರಿನ ಭಾರಕ್ಕೆ ಎಳೆದು ಎಳೆದು ತೋಳುಗಳು ಮೊಣಕಾಲಿಗೆ ಬಂದಿದ್ದವು! ಲೋಕದವರ ಸ್ವೆಟರ್ ಕುಗ್ಗಿದರೆ ನಮ್ಮದು ಬೆಳೆದಿತ್ತು.

ಪರವಾಗಿಲ್ಲ, ಅಳತೆಯ ಪೇಪರ್ ಇದೆಯಲ್ಲ?

“ಆ ಪೇಪರಾ? ನಿನ್ನೆ ಒಲೆ ಹಚ್ಚೋಕೆ ಅದೇ ಸಿಕ್ಕಿದ್ದು” ಅಂದರು ಇವರು.

ಹಬ್ಬದ ಹಿಂದಿನ ದಿನ ದೊಡ್ಡಮ್ಮ ಬಂದರು. ಕಾಫಿ ಕುಡಿದರು. ಸ್ವೆಟರ್ ಕೇಳಿದರು. ತೋಳು ಹಿಡಿದು ಎತ್ತಿದರು, ಎತ್ತುತ್ತಲೇ ಇದ್ದರು, ಅದು ಮುಗಿಯಲೇ ಇಲ್ಲ. ನಾನು ಅಡುಗೆಮನೆಗೆ ಹೋಗಿ ಸುಮ್ನೆ ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ.

ಬೈಯಲಿಲ್ಲ. “ಒಂದು ಬಕೆಟ್ ತಣ್ಣೀರು ತಾ” ಅಂದರು. ನೆನೆಸಿ, ಟವೆಲಿನಲ್ಲಿ ಒತ್ತಿ, ಮಂಚದ ಮೇಲೆ ಹರಡಿದರು. ಅಂಗೈಯಿಂದ ತೋಳನ್ನು ಮೇಲಕ್ಕೆ ಮೆಲ್ಲಗೆ ನೂಕುತ್ತ, ಬೆರಳು ಅಗಲಿಸಿ ಗೇಣು ಹಾಕಿದರು. “ಅಪ್ಪನ ತೋಳು ಎರಡೂವರೆ ಗೇಣು. ಅಮ್ಮ ಹೆಣೆಯುವಾಗ ನನ್ನನ್ನೇ ಅಳತೆಗೆ ಕೂರಿಸುತ್ತಿದ್ದಳು” ಅಂದರು. ಒದ್ದೆ ಉಣ್ಣೆ ಹೇಳಿದ ಮಾತು ಕೇಳುತ್ತದೆ ಅಂತ ನನಗೆ ಗೊತ್ತಾದದ್ದು ಆಗಲೇ. ಎಳೆದರೆ ಬರುವಂತೆ, ನೂಕಿದರೆ ಹೋಗುತ್ತದೆ. ಆದರೆ ಆ ಗೇಣು ಹಾಕಿದ್ದು ಆಗಿನ ಪುಟ್ಟ ಕೈಯಾ, ಈಗಿನದಾ ಅಂತ ಕೇಳುವ ಧೈರ್ಯ ನನಗಾಗಲಿಲ್ಲ.

ಗಣಪತಿ ಬಿಟ್ಟು ಬಂದ ಮಾರನೇ ದಿನ ದೊಡ್ಡಮ್ಮ ಬೇಲೂರು ಮೇಲೆ ಹೋಗುವ ಬಸ್ಸು ಹತ್ತಿದರು. ಸ್ವೆಟರ್ ಇನ್ನೂ ಮಂಚದ ಮೇಲೇ ಇದೆ. ದಿನಾ ಸಂಜೆ ಆರಕ್ಕೆ ಹಾಸನದಿಂದ ಫೋನ್ ಬರುತ್ತದೆ. ಹಲೋ ಇಲ್ಲ, ಏನಿಲ್ಲ.

“ಒಣಗಿತಾ?”

“ಮುಟ್ಟಿದರೆ ಒಣಗಿದ ಹಾಗಿದೆ ದೊಡ್ಡಮ್ಮ.”

“ಹಾಗಾದರೆ ಒಣಗಿಲ್ಲ ಬಿಡು. ಬೆಕ್ಕನ್ನ ಇಳಿಸು.”